ಹೆಮ್ಮರಗಾಲದ ಮೇಲೊಂದು ಹಸಿರು ಚುಕ್ಕಿ

“ಆಂಟಿ, ನೀವ್ಯಾಕೆ ನನ್ ಹಿಂದೆ ಬಿದ್ದಿದ್ದೀರಿ?”

ಕಳೆದ ಶುಕ್ರವಾರ ಬೆಳಿಗ್ಗೆ ಹೆಮ್ಮರಗಾಲದ ಒಂದು ಮನೆಯ ನಡುಮನೆಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದಾಗ ನನಗೆ ಎದುರಾದ ಪ್ರಶ್ನೆ ಇದು. ಕೇಳಿದವಳು ಸವಿತಾ. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಅತ್ತು ಅತ್ತು ಕಣ್ಣು ಊದಿಕೊಂಡಿದ್ದವು. ನನ್ನ ಕೈಯಲ್ಲಿದ್ದ ಕಾಫಿ ತುಳುಕಿ ಸೀರೆಯ ಮೇಲೆ ಚೆಲ್ಲಿತು.

ನಾನು ಯಾರ ಹಿಂದೆ ಬಿದ್ದೇನು ಹೇಳಿ? ಮಂಡಿನೋವಿನವಳು. ಹೊರಟ ಬಸ್ಸಿನ ಹಿಂದೆ ನಾಲ್ಕು ಹೆಜ್ಜೆ ಓಡಲಾರೆ. (ನಮ್ಮ ಮನೆಯವರ ಹಿಂದೆ ಬಿದ್ದಿರುತ್ತೇನೆ, ನಿಜ. ಅದು ಸೋರುವ ನಲ್ಲಿಯ ವಿಚಾರಕ್ಕೆ.) ಆದರೂ ಆ ಹುಡುಗಿ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಬುಧವಾರದಿಂದ ನಾನು ಅವಳ ಬೆನ್ನು ಹತ್ತಿದ್ದೆ. ಅವಳ ಜೊತೆ ಬಸ್ಸು ಹತ್ತಿದ್ದೆ, ಬಸ್ಸು ಇಳಿದಿದ್ದೆ, ಅವಳ ಅತ್ತೆಮನೆಯ ದೇವರ ಮೂಲೆಯವರೆಗೂ ಹೋಗಿ ಕೂತಿದ್ದೆ. ಅದೆಲ್ಲ ನಡೆದಾಗ ನಾನು ನಂಜನಗೂಡಿನ ನಮ್ಮ ಮನೆಯಲ್ಲಿ ಸೋಫಾ ಕೆಳಗೆ ಕೈ ಹಾಕಿ ತಡಕಾಡುತ್ತಿದ್ದೆ ಅಂದರೆ ನಂಬುತ್ತೀರಾ?

ಮೊದಲಿನಿಂದ ಹೇಳುತ್ತೇನೆ, ತಾಳಿ.

ನನ್ನ ಹತ್ತಿರ ಒಂದು ಜೊತೆ ಇಯರ್‌ಬಡ್ ಇದೆ. ವೈರಿಲ್ಲದವು. ಹಲಸಿನ ಬೀಜದಷ್ಟು ಗಾತ್ರ. ಕಿವಿಗೆ ಸಿಕ್ಕಿಸಿಕೊಂಡರೆ ಫೋನಿನ ಮಾತೆಲ್ಲ ನಮ್ಮ ಕಿವಿಗೆ ಮಾತ್ರ. ನಮ್ಮ ಮನೆಯವರು ಪ್ರೀತಿಯಿಂದ ಕೊಡಿಸಿದ್ದು ಅಂತ ಹೇಳಿಕೊಂಡು ತಿರುಗುತ್ತೇನೆ. ನಿಜಾಂಶ ಬೇರೆ. ನಾನು ತರಕಾರಿ ಹೆಚ್ಚುವಾಗ ಹರಿಕಥೆಯನ್ನು ಜೋರಾಗಿ ಹಾಕಿಕೊಳ್ಳುತ್ತಿದ್ದೆ. ಅವರ ಕಿವಿಯ ನೆಮ್ಮದಿಗೋಸ್ಕರ ನನ್ನ ಕಿವಿಗೆ ಕೊಡಿಸಿದರು, ಅಷ್ಟೇ.

ಆ ಎರಡು ಬೀಜಗಳಿಗೆ ಒಂದು ಬಿಳಿ ಡಬ್ಬಿ. ಅದರೊಳಗಿಟ್ಟರೆ ಚಾರ್ಜ್ ಆಗುತ್ತವೆ. ಸೀರೆಗೆ ಜೇಬೆಲ್ಲಿ? ನಮ್ಮಜ್ಜಿ ಸುಣ್ಣದ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ತುಂಬು ಬಾಳು ಬಾಳಿದಳು. ನಾನೂ ಹಾಗೇ ಸಿಕ್ಕಿಸಿಕೊಳ್ಳುತ್ತೇನೆ. ಅಜ್ಜಿಯ ಡಬ್ಬಿ ಒಂದು ದಿನವೂ ಬಿದ್ದದ್ದಿಲ್ಲ. ಅವಳ ಕಾಲದ ಸೀರೆ ಗಟ್ಟಿಯೋ, ಸೊಂಟ ಗಟ್ಟಿಯೋ, ಯಾರಿಗೆ ಗೊತ್ತು.

ಬುಧವಾರ ತಿ. ನರಸೀಪುರದಲ್ಲಿ ನಮ್ಮ ಶಿವಣ್ಣನ ಹೊಸ ಮನೆ ಒಕ್ಕಲು. ಶಿವಣ್ಣ ನನ್ನ ಚಿಕ್ಕಪ್ಪನ ಮಗ, ನನಗಿಂತ ಹಿರಿಯ. ಊಟ ಮುಗಿಯಿತು. ಕೈಯಲ್ಲಿ ಎಲೆ ಅಡಿಕೆ, ಒಂದು ಕಿವಿಯಲ್ಲಿ ಹರಿಕಥೆ, ಮೂಲೆಯಲ್ಲಿ ಸುಖವಾಗಿ ಕೂತಿದ್ದೆ. ಅತ್ತಿಗೆ ಕೂಗಿದರು. ಬಸ್ಸು ಅಂತ ಓಡಬೇಡ, ಮಡಿಲಕ್ಕಿ ತಗೊಂಡೇ ಹೋಗಬೇಕು ಅಂತ. ನಾನು ಗಡಿಬಿಡಿಯಲ್ಲಿ ಕಿವಿಯಲ್ಲಿದ್ದದ್ದನ್ನು ತೆಗೆದು ಡಬ್ಬಿಗೆ ಹಾಕಿದೆ. ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿದೆ. ಹೋಗಿ ಮಣೆಯ ಮೇಲೆ ಕೂತೆ.

ಮಡಿಲಕ್ಕಿ ಅಂದರೇನು ಅಂತ ಈಗಿನ ಹುಡುಗಿಯರು ಕೇಳಬಹುದು. ಮನೆಯ ಹೆಣ್ಣುಮಗಳು ಹೊರಟಾಗ ಅವಳನ್ನು ಬರಿಗೈಯಲ್ಲಿ ಕಳಿಸಬಾರದು. ಸೆರಗು ಒಡ್ಡಿ ಕೂರುತ್ತಾಳೆ. ಅತ್ತಿಗೆಯೋ ತಾಯಿಯೋ ಮೊರದ ತುಂಬ ಅಕ್ಕಿ ಇಟ್ಟುಕೊಂಡು, ಎಲೆ ಅಡಿಕೆ, ತೆಂಗಿನಕಾಯಿ, ಅಚ್ಚುಬೆಲ್ಲ, ರವಿಕೆ ಬಟ್ಟೆ ಎಲ್ಲ ಸೆರಗಿಗೆ ಹಾಕಿ, ಮೇಲೆ ಬೊಗಸೆ ಬೊಗಸೆ ಅಕ್ಕಿ ಸುರಿಯುತ್ತಾರೆ. ಆಮೇಲೆ ಅವಳು ತನ್ನ ಮಡಿಲಿನಿಂದ ಮೂರು ಹಿಡಿ ತೆಗೆದು ವಾಪಸ್ಸು ಮೊರಕ್ಕೆ ಹಾಕಬೇಕು. ತೆಗೆದುಕೊಂಡು ಹೋಗುವವಳು ಕೊಟ್ಟ ಮನೆಯನ್ನು ಬರಿದು ಮಾಡಬಾರದು ಅಂತ. ಎಷ್ಟು ಚೆಂದದ ಲೆಕ್ಕಾಚಾರ ನೋಡಿ.

ನಾನು ಮೂರು ಹಿಡಿ ಹಾಕಿದೆ. ಎದ್ದೆ. ನನ್ನ ನಂತರ ಅದೇ ಮಣೆಯ ಮೇಲೆ ಕೂತವಳು ಈ ಸವಿತಾ. ಅತ್ತಿಗೆಯ ತಂಗಿಯ ಮಗಳು. ಹೊಸ ಮದುಮಗಳು ಅಂತ ಅವಳಿಗೂ ಮಡಿಲು ತುಂಬಿದರು. ಅದೇ ಮೊರ, ಅದೇ ಅಕ್ಕಿ. ಆವತ್ತಿನವರೆಗೆ ಅವಳನ್ನು ನಾನು ಸರಿಯಾಗಿ ನೋಡಿದ್ದೂ ಇಲ್ಲ. ತಾಂಡ್ಯದಲ್ಲಿ ಒಂದು ಫ್ಯಾಕ್ಟರಿಗೆ ಹೋಗುತ್ತಾಳೆ ಅಂತಷ್ಟೇ ಕಿವಿಗೆ ಬಿತ್ತು. ನಗುಮುಖದ ಹುಡುಗಿ. ನನ್ನ ಸೆರಗಿನಿಂದ ಉದುರಿದ ಅಡಿಕೆಯನ್ನು ಎತ್ತಿ ನನ್ನ ಕೈಗೆ ಕೊಟ್ಟಳು.

ಸಂಜೆ ನಂಜನಗೂಡಿಗೆ ಬಂದು ಸೊಂಟ ಮುಟ್ಟಿ ನೋಡಿಕೊಳ್ಳುತ್ತೇನೆ, ಡಬ್ಬಿ ಇಲ್ಲ.

ಬ್ಯಾಗು ಸುರಿದೆ. ಸೀರೆ ಕೊಡವಿದೆ. ನನ್ನ ಮಡಿಲಕ್ಕಿಯನ್ನು ಡಬ್ಬಕ್ಕೆ ಸುರಿಯುವಾಗ ಅದರೊಳಗೂ ಕೈಯಾಡಿಸಿದೆ. ಸೋಫಾ ಕೆಳಗೆ, ಚಪ್ಪಲಿ ಸ್ಟ್ಯಾಂಡಿನ ಹಿಂದೆ, ಎಲ್ಲೂ ಇಲ್ಲ. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ, “ಹೋಗ್ಲಿ ಬಿಡು, ಇನ್ಮೇಲೆ ನಾನು ಕೂಗಿದ್ದಾದ್ರೂ ಕೇಳ್ಸುತ್ತೆ” ಅಂದರು.

ಮಾರನೆಯ ದಿನ ಬೆಳಿಗ್ಗೆ ಫೋನ್ ಹಿಡಿದು ಕೂತೆ. ಕಳೆದ ಇಯರ್‌ಬಡ್ ಹುಡುಕುವುದು ಹೇಗೆ ಅಂತ ಓದಿದೆ. ನೀವೂ ತಿಳಿದಿರಿ, ನಾಳೆ ನಿಮಗೂ ಬೇಕಾದೀತು. ಈ ಬಡ್‌ಗಳನ್ನು ಫೋನಿಗೆ ಜೋಡಿಸಿದ್ದೇವಲ್ಲ, ಅದೇ ಫೋನಿನಲ್ಲಿ ಕಳೆದ ವಸ್ತು ಹುಡುಕುವ ಆ್ಯಪ್ ಒಂದಿರುತ್ತದೆ. ತೆರೆದರೆ ಮ್ಯಾಪ್ ಬರುತ್ತದೆ. ನಿಮ್ಮ ಬಡ್ ಕೊನೆಯ ಸಲ ಎಲ್ಲಿ ಸಿಕ್ಕಿತ್ತೋ ಅಲ್ಲೊಂದು ಚುಕ್ಕಿ. ಪಕ್ಕದಲ್ಲಿ ಎಷ್ಟು ಹೊತ್ತಿನ ಹಿಂದೆ ಅಂತ. ‘ರಿಂಗ್’ ಅನ್ನುವ ಬಟನ್ ಒತ್ತಿದರೆ ಅದು ಕೂಗುತ್ತದೆ, ಆದರೆ ಹತ್ತಿರ ಇದ್ದರೆ ಮಾತ್ರ. ಒಂದು ದೊಡ್ಡ ಕೋಣೆಯಷ್ಟು ದೂರ ಅಂತಿಟ್ಟುಕೊಳ್ಳಿ. ಕೆಲವು ಕಂಪನಿಯವುಗಳಲ್ಲಿ ಬಡ್ ಡಬ್ಬಿಯಿಂದ ಹೊರಗಿದ್ದರಷ್ಟೇ ಸದ್ದು. ನನ್ನದು ಹೊಸ ಮಾಡೆಲ್, ಡಬ್ಬಿಗೇ ಬಾಯಿದೆ. ಮತ್ತೆ ಇದೆಲ್ಲ ಚಾರ್ಜ್ ಇರುವ ತನಕ. ಆದ್ದರಿಂದ ಕಳೆದ ದಿನವೇ ಹುಡುಕಬೇಕು, ಸತ್ತ ಮೇಲೆ ಬಾಯಿಗೆ ನೀರು ಬಿಟ್ಟರೆ ಏನು ಬಂತು?

ಇನ್ನೊಂದು ವಿಷಯ ಓದಿ ನನಗೆ ಮೈ ಜುಂ ಅಂದಿತು. ಬಡ್‌ಗೆ ತಾನೆಲ್ಲಿದ್ದೇನೆ ಅಂತ ತನಗೇ ಗೊತ್ತಿರುವುದಿಲ್ಲವಂತೆ. ಹತ್ತಿರ ಸುಳಿದಾಡುವ ಯಾರದ್ದೋ ಫೋನು ಅದರ ಪಿಸುಮಾತು ಕೇಳಿಸಿಕೊಂಡು, ಆ ಫೋನಿನ ಯಜಮಾನನಿಗೂ ತಿಳಿಸದೆ, ‘ಇಗೋ ಇಲ್ಲಿದೆ’ ಅಂತ ಚಾಡಿ ಹೇಳುತ್ತದೆ. ಅಂದರೆ ನಮ್ಮ ನಮ್ಮ ಫೋನುಗಳು ನಮ್ಮ ಬೆನ್ನ ಹಿಂದೆ ಇಷ್ಟೊಂದು ಮಾತಾಡಿಕೊಳ್ಳುತ್ತವಾ? ಹಳ್ಳಿಕಟ್ಟೆಯೇ ವಾಸಿ. ಅಲ್ಲಿ ಚಾಡಿ ಹೇಳಿದವರ ಮುಖವಾದರೂ ಕಾಣುತ್ತಿತ್ತು.

ಮ್ಯಾಪ್ ತೆರೆದೆ. ಚುಕ್ಕಿ ನರಸೀಪುರದಲ್ಲಿರುತ್ತದೆ ಅಂದುಕೊಂಡಿದ್ದೆ.

ಹೆಮ್ಮರಗಾಲದಲ್ಲಿತ್ತು.

ಹಸಿರು ಚುಕ್ಕಿ. ನಿನ್ನೆ ಸಂಜೆಯದ್ದು. ಬೆರಳು ಅಗಲಿಸಿ ದೊಡ್ಡದು ಮಾಡಿದೆ. ಬೀದಿ ಕಂಡಿತು. ಮನೆಗಳ ಸೂರು ಕಂಡವು. ಒಂದು ಸೂರಿನ ನೆತ್ತಿಯ ಮೇಲೆ ಕುಂಕುಮ ಇಟ್ಟ ಹಾಗೆ ಚುಕ್ಕಿ ಕೂತಿತ್ತು. ನನ್ನ ನೆರಳೂ ಹಾಯದ ಊರಿಗೆ ನನ್ನ ಡಬ್ಬಿ ಒಂಟಿಯಾಗಿ ಹೋಗಿದ್ದು ಹೇಗೆ?

ಅತ್ತಿಗೆಗೆ ಫೋನ್ ಮಾಡಿದೆ. ಡಬ್ಬಿ ಹೆಮ್ಮರಗಾಲದಲ್ಲಿದೆ ಅಂದೆ. “ಅಲ್ಲಿಗೆ ನಮ್ ಸವಿತಾನ ಕೊಟ್ಟಿರೋದು ಕಣೇ” ಅಂದರು. ನನಗೆ ಗೊತ್ತಿರಲಿಲ್ಲ, ದೇವರಾಣೆ. ಅಷ್ಟರಲ್ಲಿ ಶಿವಣ್ಣ ಫೋನ್ ಕಿತ್ತುಕೊಂಡ. ಮ್ಯಾಪಿನ ಫೋಟೋ ಕಳಿಸು ಅಂದ. ಕಳಿಸಿದೆ. ಅಣ್ಣ ಕೇಳಿದರೆ ಕಳಿಸದೇ ಇರೋಕಾಗುತ್ತಾ?

ನಾನು ಒಗ್ಗರಣೆ ಹಾಕಿ ಮುಗಿಸುವಷ್ಟರಲ್ಲಿ ಅದು ನಮ್ಮ ಬಳಗದ ವಾಟ್ಸಾಪ್ ಗ್ರೂಪಿನಲ್ಲಿತ್ತು.

ಶಿವಣ್ಣ ಯಾರ ಹೆಸರನ್ನೂ ಬರೆದಿರಲಿಲ್ಲ. ‘ಮನೆ ಒಕ್ಕಲಿನಲ್ಲಿ ಕಳೆದ ತಂಗಿಯ ವಸ್ತು ಈಗ ಎಲ್ಲಿದೆ ನೋಡಿ’ ಅಂತಷ್ಟೇ. ಹೆಸರು ಯಾಕೆ ಬೇಕು? ನಮ್ಮ ಬಳಗದವರು ಹೆಮ್ಮರಗಾಲದಲ್ಲಿ ಇನ್ನು ಯಾರಿದ್ದಾರೆ? ಶುರುವಾಯಿತು ನೋಡಿ. ಬಾಯಿ ತೆರೆದ ಹಳದಿ ಮುಖಗಳು. ಛೇ ಛೇಗಳು. ಕೆಲಸಕ್ಕೆ ಹೋಗುವ ಹುಡುಗಿಯರು ಮೊದಲಿನ ಹಾಗಿಲ್ಲ ಅಂತ ಒಬ್ಬರು. ನಮ್ಮ ಮಗಳ ಮದುವೆಯಲ್ಲಿ ಬೆಳ್ಳಿಯ ಕುಂಕುಮದ ಭರಣಿ ಹೋಗಿತ್ತು, ಈಗ ಅರ್ಥವಾಯಿತು ಅಂತ ಇನ್ನೊಬ್ಬರು. ಸ್ವಾಮಿ, ಆ ಮದುವೆ ಆದಾಗ ಸವಿತಾ ಹೈಸ್ಕೂಲಿನಲ್ಲಿದ್ದಳು. ನಮ್ಮ ಬಳಗದ ಮದುವೆಗೆ ಬರುವಷ್ಟು ನಂಟೂ ಆಗ ಇರಲಿಲ್ಲ. ಒಂದು ಚುಕ್ಕಿಗೆ ಎಷ್ಟು ಹಿಂದಕ್ಕೆ ಓಡುವ ಶಕ್ತಿ ಇದೆ ನೋಡಿ.

ಶಿವಣ್ಣ ಮತ್ತೆ ಫೋನ್ ಮಾಡಿದ. “ಸ್ಟೇಷನ್‌ಗೆ ಒಂದ್ ಮಾತು ಹೇಳಿಸ್ಲಾ? ನಮ್ ಕಡೆಯೋರು ಅವ್ರೆ ಅಲ್ಲಿ.”

ಕಿವಿಗೆ ಸಿಕ್ಕಿಸುವ ಎರಡು ಬೀಜಕ್ಕೆ ಪೊಲೀಸಾ? ನಾನು ಬೇಡವೇ ಬೇಡ ಅಂದೆ. ನಮ್ಮಜ್ಜಿ ಒಂದು ಮಾತು ಹೇಳುತ್ತಿದ್ದಳು. ಕದ್ದವನಿಗೆ ಒಂದು ಪಾಪ, ಕಳಕೊಂಡವನಿಗೆ ಹತ್ತು ಪಾಪ. ಕದ್ದವನು ಒಂದು ಸಲ ಕದ್ದು ಮುಗಿಸಿದ. ಕಳಕೊಂಡವನು ಕಂಡಕಂಡವರ ಮೇಲೆಲ್ಲ ಅನುಮಾನ ಪಟ್ಟು ಪಾಪ ಕಟ್ಟಿಕೊಳ್ಳುತ್ತಾನೆ. ಅಜ್ಜಿಯ ಕಾಲದಲ್ಲಿ ಹತ್ತಕ್ಕೇ ನಿಲ್ಲುತ್ತಿತ್ತು, ಪಾಪ. ಗ್ರೂಪಿರಲಿಲ್ಲ.

ಆದರೆ ನಾನು ಶುದ್ಧಳಾ? ಗ್ರೂಪಿನಲ್ಲಿ ಏನೂ ಬರೆಯಲಿಲ್ಲ, ಸರಿ. ಮನಸ್ಸಿನಲ್ಲಿ ಏನು ಓಡುತ್ತಿತ್ತು? ನನ್ನ ಸೆರಗಿನಿಂದ ಉದುರಿದ ಅಡಿಕೆಯನ್ನು ಎತ್ತಿಕೊಟ್ಟಳಲ್ಲ, ಬೇರೆ ಏನಾದರೂ ಉದುರಿತ್ತಾ? ಅಷ್ಟು ಹತ್ತಿರ ಯಾಕೆ ನಿಂತಿದ್ದಳು? ಬುಧವಾರ ಒಳ್ಳೆಯತನವಾಗಿ ಕಂಡದ್ದು ಗುರುವಾರಕ್ಕೆ ಕೈಚಳಕವಾಗಿ ಕಾಣಿಸಿತು. ನನಗೇ ನನ್ನ ಮೇಲೆ ಹೆದರಿಕೆಯಾಯಿತು.

ಶುಕ್ರವಾರ ಬೆಳಿಗ್ಗೆ ನಾನೂ ನಮ್ಮ ಮನೆಯವರೂ ಸ್ಕೂಟರ್ ಹತ್ತಿ ಹೆಮ್ಮರಗಾಲಕ್ಕೆ ಹೊರಟೆವು. ಪೊಲೀಸರಿಗಿಂತ ಮೊದಲು ನಾವೇ ಹೋಗಿ ಮರ್ಯಾದೆಯಾಗಿ ಕೇಳೋಣ ಅಂತ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ‘ಅಕಸ್ಮಾತ್ ನಿನ್ನ ಬ್ಯಾಗಿಗೆ ಬಿದ್ದಿದೆಯಾ ನೋಡಮ್ಮ.’ ಬೇಡ. ‘ಯಾರೋ ತಿಳಿಯದೆ ನಿನ್ನ ಚೀಲಕ್ಕೆ ಹಾಕಿರಬಹುದು.’ ಇದೂ ಬೇಡ. ಎಷ್ಟು ಸಕ್ಕರೆ ಬೆರೆಸಿದರೂ ಪ್ರತಿ ಮಾತಿನ ತಳದಲ್ಲೂ ಕಳ್ಳಿ ಅನ್ನುವ ಪದ ಕರಗದೆ ಕೂತಿರುತ್ತಿತ್ತು. ನಮ್ಮ ಮನೆಯವರು ಒಂದೇ ಮಾತು ಹೇಳಿದರು. “ಮೊದ್ಲು ಕೂತ್ಕೊ. ಅವರು ಕೊಟ್ಟಿದ್ದು ಕುಡಿ. ಆಮೇಲೆ ಬಾಯಿ ಬಿಡು.”

ಜೀವನದಲ್ಲಿ ಅವರು ಕೊಟ್ಟ ಅತ್ಯುತ್ತಮ ಸಲಹೆ ಅದು. (ಎರಡನೆಯದು ಇನ್ನೂ ಬಂದಿಲ್ಲ.)

ಬಾಗಿಲಲ್ಲಿ ಸವಿತಾಳ ಅತ್ತೆ ಪುಟ್ಟಮ್ಮ ಸಿಕ್ಕರು. ಅಗಲ ಮುಖ, ಹಣೆ ತುಂಬ ವಿಭೂತಿ. ಶಿವಣ್ಣನ ತಂಗಿ ಅಂತ ಹೇಳಿಕೊಂಡೆ. ಮುಖ ಅರಳಿತು. ಒಳಗೆ ಕರೆದು, ಚಾಪೆ ಹಾಸಿ, ಮಗ ಹೊಲಕ್ಕೆ ಹೋಗಿದ್ದಾನೆ ಅಂತ ಹೇಳಿ, ಸೊಸೆಗೆ ಕಾಫಿ ಇಡುವುದಕ್ಕೆ ಹೇಳಿದರು. ಅಡುಗೆಮನೆಯಿಂದ ಸೊಸೆ ಬರಲಿಲ್ಲ, ಲೋಟದ ಸದ್ದು ಮಾತ್ರ ಬಂತು. ಕಾಫಿ ಕೊಡುವಾಗಲೂ ತಲೆ ಎತ್ತಲಿಲ್ಲ.

ನೋಡಿದೆಯಾ, ಮುಖ ತಪ್ಪಿಸುತ್ತಿದ್ದಾಳೆ ಅಂತ ನನ್ನ ಒಳಗಿನ ಕೆಟ್ಟ ದನಿ.

ಆಗ ಪುಟ್ಟಮ್ಮನವರು ನನ್ನ ಪಕ್ಕಕ್ಕೆ ಸರಿದು ಕೂತರು. ದನಿ ತಗ್ಗಿಸಿದರು.

“ನೀವು ಓದ್ದೋರು ಕನವ್ವ, ದೇವ್ರೇ ಕಳ್ಸಿದಂಗೆ ಬಂದ್ರಿ. ಒಸಿ ಈ ಫೋನ್ ನೋಡ್ಕೊಡಿ. ನಮ್ ಸವಿತನ್ ಹಿಂದೆ ಏನೋ ಬತ್ತಾ ಅದಂತೆ.”

ಏನು ಬರುತ್ತಿದೆ ಅಂತ ಕೇಳಿದೆ. ಅವರು ಹೇಳಿದ್ದು ಇಷ್ಟು. ಬುಧವಾರ ಬಸ್ಸಿನಲ್ಲಿ ಬರುವಾಗ ಸವಿತಾಳ ಫೋನಿಗೆ ಒಂದು ಸೂಚನೆ ಬಂದಿದೆ. ನಿಮ್ಮದಲ್ಲದ ಯಾವುದೋ ಸಾಧನ ನಿಮ್ಮ ಜೊತೆಯಲ್ಲೇ ಪ್ರಯಾಣ ಮಾಡುತ್ತಿದೆ, ಅದರ ಯಜಮಾನನಿಗೆ ನೀವಿರುವ ಜಾಗ ಕಾಣಬಹುದು ಅಂತ. ಜೊತೆಗೊಂದು ಮ್ಯಾಪು. ನರಸೀಪುರದಿಂದ ಹಿಡಿದು ಅವರ ಮನೆ ಬಾಗಿಲ ತನಕ ಗೆರೆ.

ಯೋಚನೆ ಮಾಡಿ. ಹೊಸದಾಗಿ ಬಂದ ಸೊಸೆ. ದಿನಾ ತಾಂಡ್ಯಕ್ಕೆ ಹೋಗಿ ಬರುವವಳು. ಅವಳನ್ನು ಯಾರೋ ಹಿಂಬಾಲಿಸುತ್ತಿದ್ದಾರೆ ಅಂತ ಅವಳದೇ ಫೋನು ಹೇಳುತ್ತಿದೆ. ಮನೆಯಲ್ಲಿ ಮೊದಲು ಹುಟ್ಟುವ ಪ್ರಶ್ನೆ ಯಾವುದು? ಯಾರವನು?

ಗಂಡ ಕೇಳಿದ್ದಾನೆ. ಒಂದು ಸಲವಲ್ಲ. ಸವಿತಾ ಗೊತ್ತಿಲ್ಲ ಅಂದಿದ್ದಾಳೆ, ಗೊತ್ತಿದ್ದರೆ ತಾನೇ. ಹ್ಯಾಂಡ್‌ಬ್ಯಾಗಿನ ಹೊಲಿಗೆ ಬಿಚ್ಚಿ ನೋಡಿದ್ದಾರೆ. ಊಟದ ಡಬ್ಬಿ, ಚಪ್ಪಲಿಯ ಅಟ್ಟೆ, ಕೊನೆಗೆ ತಲೆಯ ಕ್ಲಿಪ್ಪನ್ನೂ ಬಿಟ್ಟಿಲ್ಲ. ಆ ಸೂಚನೆಯ ಕೆಳಗೆ, ಅದು ಎಲ್ಲಿದೆ ಅಂತ ತಿಳಿಯಲು ಸದ್ದು ಮಾಡಿಸುವ ಬಟನ್ನೂ ಇತ್ತು. ಒತ್ತಲಿಲ್ಲ. ಗುರುತಿಲ್ಲದ್ದು ಏನು ಬಂದರೂ ಮುಟ್ಟಬೇಡಿ, ಬ್ಯಾಂಕಿನಲ್ಲಿರುವುದೆಲ್ಲ ಹೋಗುತ್ತದೆ ಅಂತ ಫ್ಯಾಕ್ಟರಿಯಲ್ಲೇ ಹೇಳಿದ್ದರಂತೆ. ಹಾಗಾಗಿ ಫೋನ್ ಆಫ್ ಮಾಡಿ ಬೀರುವಿನಲ್ಲಿಟ್ಟಿದ್ದಾರೆ. ಸವಿತಾ ಕೆಲಸಕ್ಕೆ ಹೋಗಿಲ್ಲ. ಇದು ಏನು ಅಂತ ಗೊತ್ತಾಗುವ ತನಕ ಹೋಗುವುದೂ ಬೇಡ ಅಂತ ಗಂಡ ಹೇಳಿದ್ದಾನೆ. ಗೊತ್ತಾಗದೇ ಹೋದರೆ? ಹೋಗುವುದೇ ಬೇಡ.

ಪುಟ್ಟಮ್ಮ ಕೆಟ್ಟವರಲ್ಲ. ಹೆದರಿದ್ದರು. ಬೀರುವಿನಿಂದ ಫೋನ್ ತಂದು, ಆನ್ ಮಾಡಿ, ಬಿಸಿ ಕೆಂಡ ಕೊಡುವ ಹಾಗೆ ನನ್ನ ಕೈಗಿಟ್ಟರು. ಸೂಚನೆ ಹಾಗೇ ಇತ್ತು. ಒತ್ತಿ ನೋಡಿದೆ. ನನ್ನ ಇಯರ್‌ಬಡ್ ಕಂಪನಿಯ ಹೆಸರು ಬಂತು.

ನಾವು ಇವಳನ್ನು ಕಳ್ಳಿ ಅಂದುಕೊಂಡು ಹುಡುಕಿಕೊಂಡು ಬಂದಿದ್ದೇವೆ. ಇವಳು ನಮ್ಮನ್ನು ಯಾವನೋ ಪೋಕರಿ ಅಂದುಕೊಂಡು ಬಾಗಿಲು ಹಾಕಿಕೊಂಡು ಅಳುತ್ತಿದ್ದಾಳೆ.

“ಇದು... ಇದು ನನ್ನದು ಕಣಮ್ಮ” ಅಂದೆ.

ಆಗ ಬಂದದ್ದು ಆ ಪ್ರಶ್ನೆ. ಆಂಟಿ, ನೀವ್ಯಾಕೆ ನನ್ ಹಿಂದೆ ಬಿದ್ದಿದ್ದೀರಿ?

ನನ್ನ ಫೋನ್ ತೆಗೆದು ರಿಂಗ್ ಒತ್ತಿದೆ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಕ್ಷೀಣವಾಗಿ, ಬುಟ್ಟಿಯ ಕೆಳಗೆ ಮುಚ್ಚಿಟ್ಟ ಕೋಳಿಮರಿಯ ಹಾಗೆ, ಚಿಂವ್ ಚಿಂವ್ ಅಂತ. ಪುಟ್ಟಮ್ಮ ಹಲ್ಲಿ ಲೊಚಗುಟ್ಟಿತು ಅಂದುಕೊಂಡು ನೆಲ ಕುಟ್ಟಿ ಶಿವ ಶಿವ ಅಂದರು. ಮತ್ತೆ ಚಿಂವ್ ಚಿಂವ್. ಹಲ್ಲಿ ಅಷ್ಟು ಮಾತಾಡುವುದಿಲ್ಲ.

ಸದ್ದು ದೇವರ ಮೂಲೆಯಿಂದ ಬರುತ್ತಿತ್ತು.

ದೀಪದ ಪಕ್ಕ ಒಂದು ಗಂಟು. ಹಳದಿ ರವಿಕೆ ಬಟ್ಟೆಯಲ್ಲಿ ಕಟ್ಟಿದ್ದು. ಮಡಿಲಕ್ಕಿ. ಅವರ ಕಡೆ ಪದ್ಧತಿ ಪ್ರಕಾರ ದಾರಿಯಲ್ಲಿ ಬಿಚ್ಚಬಾರದು, ಮನೆಗೆ ತಂದು ದೇವರ ಮುಂದಿಟ್ಟು, ಒಳ್ಳೆಯ ದಿನ ನೋಡಿ ಪಾಯಸ ಮಾಡಬೇಕು. ಸೋಮವಾರ ಮಾಡೋಣ ಅಂತ ಇಟ್ಟಿದ್ದರಂತೆ. ಚಪ್ಪಲಿಯ ಅಟ್ಟೆ ಕಿತ್ತು ನೋಡಿದವರು ಇದನ್ನು ಮುಟ್ಟಿರಲಿಲ್ಲ. ದೇವರ ಮುಂದಿನ ಗಂಟನ್ನು ಯಾರು ತಾನೇ ಶೋಧ ಮಾಡುತ್ತಾರೆ?

ಸವಿತಾ ಕೈ ತೊಳೆದುಕೊಂಡು ಬಂದು ಗಂಟು ಬಿಚ್ಚಿದಳು. ಕಾಯಿ ತೆಗೆದಳು, ಎಲೆ ತೆಗೆದಳು. ಅಕ್ಕಿ ಸರಿಸಿದಳು. ಬಿಳಿ ಅಕ್ಕಿಯ ನಡುವೆ ಬಿಳಿ ಡಬ್ಬಿ. ಅಚ್ಚುಬೆಲ್ಲ ಕರಗಿ ಅದಕ್ಕೆ ಅಂಟಿಕೊಂಡಿತ್ತು. ಇನ್ನೂ ಕೂಗುತ್ತಿತ್ತು.

ಪುಟ್ಟಮ್ಮ ನಿಧಾನಕ್ಕೆ ತಿರುಗಿ ಸೊಸೆಯ ಮುಖ ನೋಡಿದರು. ಆ ನೋಟವನ್ನು ಹೇಗೆ ಬರೆಯಲಿ? ಹಿಂದೆ ಬಿದ್ದವನು ಯಾರು ಅನ್ನುವ ಪ್ರಶ್ನೆ ಹೋಯಿತು. ಅದಕ್ಕಿಂತ ಕೆಟ್ಟದ್ದು ಬಂತು. ಬೇರೆಯವರ ವಸ್ತು ನಿನ್ನ ಗಂಟಿನೊಳಗೆ, ಅದೂ ಅಕ್ಕಿಯ ತಳದಲ್ಲಿ ಹೇಗೆ ಬಂತು? ಸವಿತಾ ಬಿಳಿಚಿಕೊಂಡು, ನಂಗೊತ್ತಿಲ್ಲ ಅತ್ತೆ, ನಂಗೊತ್ತಿಲ್ಲ ಅನ್ನುತ್ತಿದ್ದಳು.

ನಾನು ಆ ಬೆಲ್ಲ ಅಂಟಿದ ಡಬ್ಬಿ ನೋಡುತ್ತಿದ್ದೆ. ಬೆಲ್ಲ. ಅಚ್ಚುಬೆಲ್ಲ.

ನೆನಪಾಯಿತು. ಮಡಿಲು ತುಂಬಿದ ಮೇಲೆ ಮೂರು ಹಿಡಿ ಮೊರಕ್ಕೆ ಹಾಕಿದೆನಲ್ಲ, ಆಗ ಯಾರೋ ನನ್ನ ಮಂಡಿನೋವು ವಿಚಾರಿಸುತ್ತಿದ್ದರು. ಮಂಡಿನೋವಿನ ವಿಷಯ ಬಂದರೆ ನಾನು ಕತ್ತು ಪೂರ್ತಿ ಆ ಕಡೆ ತಿರುಗಿಸಿ ಮಾತಾಡುತ್ತೇನೆ. ಎರಡನೇ ಹಿಡಿಯೋ ಮೂರನೆಯದೋ, ಅಕ್ಕಿಯ ಜೊತೆ ಗಟ್ಟಿಯಾದದ್ದೊಂದು ಕೈಗೆ ಸಿಕ್ಕಿತು. ಬೆಲ್ಲದಚ್ಚು ಅಂದುಕೊಂಡೆ. ಹೋಗಲಿ, ತವರು ಸಿಹಿಯಾಗಿರಲಿ ಅಂತ ಮೊರಕ್ಕೇ ಹಾಕಿದೆ. ಸೊಂಟದಿಂದ ಜಾರಿ ಮಡಿಲಿಗೆ ಬಿದ್ದಿದ್ದ ಡಬ್ಬಿ ಅದು. ಅತ್ತಿಗೆ ಅದರ ಮೇಲೆ ಇನ್ನಷ್ಟು ಅಕ್ಕಿ ಸುರಿದುಕೊಂಡು, ಬೊಗಸೆಯಲ್ಲಿ ಎತ್ತಿ, ನನ್ನ ನಂತರ ಕೂತವಳ ಮಡಿಲಿಗೆ ಹಾಕಿದರು.

“ಅವಳು ತಗೊಂಡಿಲ್ಲ ಪುಟ್ಟಮ್ಮನೋರೆ. ನಾನೇ ಹಾಕಿದ್ದು. ನನ್ನ ಕೈಯಾರೆ” ಅಂದೆ. ಎಲ್ಲ ಬಿಡಿಸಿ ಹೇಳಿದೆ. ಹರಸಿ ಮೊರಕ್ಕೆ ಹಾಕಿದ್ದು ನಾನು. ಅದನ್ನೇ ಹುಡುಕಿಕೊಂಡು ಮನೆ ಬಾಗಿಲಿಗೆ ಬಂದದ್ದೂ ನಾನು.

ಪುಟ್ಟಮ್ಮನ ಮುಖದಲ್ಲಿ ಜೀವ ಬರುತ್ತಿತ್ತು. ಅಷ್ಟರಲ್ಲಿ ಸವಿತಾಳ ಫೋನು ಗುಂಯ್‌ಗುಡಲು ಶುರುವಾಯಿತು. ಮೊನ್ನೆಯಿಂದ ಆಫ್ ಆಗಿದ್ದ ಫೋನಲ್ಲವೇ, ಎಲ್ಲ ಒಟ್ಟಿಗೆ ಬಂತು. ಅವಳ ಅಮ್ಮ ಕಳಿಸಿದ್ದು. ಯಾರೋ ಅವರಿಗೆ ಕಳಿಸಿದ್ದು. ಹಸಿರು ಚುಕ್ಕಿಯ ಫೋಟೋ. ‘ಏನವ್ವ ಇದು, ನಿಜವಾ?’

ಸವಿತಾ ಅದನ್ನು ನೋಡಿದಳು. ತನ್ನ ಮನೆಯ ಸೂರನ್ನು ಗುರುತು ಹಿಡಿದಳು. ಆಮೇಲೆ ನನ್ನ ಕಡೆ ನೋಡಿದಳು.

“ಅಂದ್ರೆ ನೀವು ಬಂದಿದ್ದು, ನಾನು ಕದ್ದಿದ್ದೀನಿ ಅಂತ.”

ಅದು ಪ್ರಶ್ನೆಯಾಗಿರಲಿಲ್ಲ. ಪ್ರಶ್ನೆಯಾಗಿದ್ದರೆ ಏನಾದರೂ ಒಂದು ಸುಳ್ಳು ಹೇಳಬಹುದಿತ್ತು. ನಮ್ಮ ಮನೆಯವರು ಖಾಲಿ ಲೋಟವನ್ನು ತುಟಿಗಿಟ್ಟುಕೊಂಡು ಕುಡಿಯುವವರ ಹಾಗೆ ಕೂತಿದ್ದರು.

ಮಾತಾಡಿದವರು ಪುಟ್ಟಮ್ಮ. ಇಷ್ಟು ಹೊತ್ತು ದೇವರು ಕಳಿಸಿದ ಹಾಗಿದ್ದ ನನ್ನನ್ನು ನೆಟ್ಟಗೆ ನೋಡಿದರು. “ಮಡ್ಲಿಂದ ಮಡ್ಲಿಗೆ ಬಂದದ್ದು ಕಳ್ತನ ಎಂಗಾಯ್ತದವ್ವ? ನಮ್ಮಲ್ಲಿ ಮಡ್ಲಕ್ಕಿಲಿ ಬಂದದ್ದು ತಂದೋಳ್ದೇ. ಕೇಳೋಕ್ ಬರೋದೇ ತಪ್ಪು.” ಆಮೇಲೆ ಸೊಸೆಯ ಕಡೆ ತಿರುಗಿ, “ನಾಳಿಂದ ಕೆಲ್ಸಕ್ಕೋಗು ನೀನು. ಅವ್ನಿಗೆ ನಾನು ಯೋಳ್ತೀನಿ” ಅಂದರು.

ಸತ್ಯ ತಾನೇ? ಆ ಲೆಕ್ಕದಲ್ಲಿ ಡಬ್ಬಿ ಸವಿತಾಳದ್ದು. ಇಟ್ಟುಕೊಳ್ಳಮ್ಮ ಅಂದೆ, ಮನಸ್ಫೂರ್ತಿಯಾಗಿ. ಅವಳು ಬೆಲ್ಲ ಒರೆಸಿ ಡಬ್ಬಿಯನ್ನು ನನ್ನ ಕೈಗೇ ಕೊಟ್ಟಳು. ಮೊನ್ನೆ ಅಡಿಕೆ ಎತ್ತಿಕೊಟ್ಟ ಹಾಗೆಯೇ. ಇದೊಂದು ಮನೆಯಲ್ಲಿದ್ದರೆ ನಿದ್ದೆ ಬರುವುದಿಲ್ಲ ಅಂದಳು.

ಅಲ್ಲೇ ಕೂತು ಬಳಗದ ಗ್ರೂಪಿಗೆ ನನ್ನ ದನಿಯಲ್ಲೇ ರೆಕಾರ್ಡ್ ಮಾಡಿ ಕಳಿಸಿದೆ. ಡಬ್ಬಿ ನನ್ನ ಕೈಯಿಂದಲೇ ಹೋದದ್ದು, ಸವಿತಾ ಮುಟ್ಟಿಯೂ ಇಲ್ಲ, ಎಲ್ಲರೂ ಆ ಫೋಟೋ ಅಳಿಸಿ ಅಂತ. ಉತ್ತರ ಏನು ಬಂತು ಗೊತ್ತಾ? ಎರಡೋ ಮೂರೋ ಹೆಬ್ಬೆರಳು. ಒಂದು ಕೈಮುಗಿದ ಚಿತ್ರ. ಅದರ ಹಿಂದೆಯೇ ಯಾರದ್ದೋ ಶುಭಶುಕ್ರವಾರದ ಹೂವು. ಕುಂಕುಮದ ಭರಣಿಯವರು ಮಾತಾಡಲಿಲ್ಲ. ಕಳ್ಳತನದ ಸುದ್ದಿಗೆ ಅಷ್ಟೊಂದು ಬೆರಳು ಓಡಿದವು, ಕಳ್ಳತನವಲ್ಲ ಅನ್ನುವ ಸುದ್ದಿಗೆ ಎಲ್ಲರ ಬೆರಳಿಗೂ ಮಂಡಿನೋವು.

ಶಿವಣ್ಣ ಫೋನ್ ಮಾಡಿ, ಹೋಗಲಿ ಬಿಡು, ಸಿಕ್ಕಿತಲ್ಲ, ಅದೇ ಮುಖ್ಯ ಅಂದ. ಅವನ ಪ್ರಕಾರ ಕಥೆ ಸುಖಾಂತ.

ಈಗ ನನಗೆ ಇಯರ್‌ಬಡ್ ಹುಡುಕುವ ವಿದ್ಯೆ ಪೂರ್ತಿ ಬಂದಿದೆ. ಮ್ಯಾಪ್ ನೋಡಿ, ಸಮಯ ನೋಡಿ, ಹತ್ತಿರ ಹೋಗಿ, ರಿಂಗ್ ಒತ್ತಿ, ಕಿವಿಗೊಡಿ. ಗುರುತಿಲ್ಲದ ವಸ್ತು ಹಿಂದೆ ಬರುತ್ತಿದೆ ಅಂತ ನಿಮಗೇ ಸೂಚನೆ ಬಂದರೆ ಹೆದರಿ ಬೀರುವಿಗೆ ಇಡಬೇಡಿ. ಅದು ನಿಜವಾಗಿ ಫೋನೇ ಕೊಟ್ಟ ಸೂಚನೆಯೋ, ಯಾರೋ ಕಳಿಸಿದ ಮೆಸೇಜೋ ಅಂತ ತಿಳಿದವರಿಂದ ನೋಡಿಸಿ. ಫೋನೇ ಕೊಟ್ಟಿದ್ದಾದರೆ ಸದ್ದು ಮಾಡಿಸಿ ಹುಡುಕಿ. ಇಷ್ಟೇ ವಿದ್ಯೆ. ಚುಕ್ಕಿ ಎಲ್ಲಿದೆ ಅಂತ ಹೇಳುತ್ತದೆ. ಹೇಗೆ ಬಂತು ಅಂತ ಹೇಳುವುದಿಲ್ಲ. ಮಿಕ್ಕದ್ದನ್ನು ನಾವು ತುಂಬಿಸಿಕೊಳ್ಳುತ್ತೇವೆ, ಬೊಗಸೆ ಬೊಗಸೆ.

ಮೊನ್ನೆ ಸವಿತಾ ಫೋನ್ ಮಾಡಿದ್ದಳು. ಅವಳಾಗಿಯೇ ಮಾಡಿದಳಲ್ಲ ಅಂತ ನನಗೆ ಜೀವ ಬಂದ ಹಾಗಾಯಿತು. ಕೆಲಸಕ್ಕೆ ಹೋಗುತ್ತಿದ್ದಾಳೆ. ಗಂಡ ಮಾತಾಡುತ್ತಿದ್ದಾನೆ. ಸೋಮವಾರ ಆ ಅಕ್ಕಿಯಲ್ಲೇ ಪಾಯಸ ಮಾಡಿದರಂತೆ, ಅತ್ತೆ ನಿಮ್ಮನ್ನು ಬೈದುಕೊಂಡೇ ಎರಡು ಲೋಟ ಕುಡಿದರು ಅಂದಳು. ನಕ್ಕೆ. ಅವಳೂ ಸ್ವಲ್ಪ ನಕ್ಕಳು. ಆಮೇಲೆ, ಶಿಫ್ಟ್ ಬಸ್ಸಿನಲ್ಲಿ ಪಕ್ಕ ಕೂರುವ ಹುಡುಗಿ ಈಗ ತನ್ನ ಬ್ಯಾಗನ್ನು ಆ ಕಡೆ ಭುಜಕ್ಕೆ ಹಾಕಿಕೊಳ್ಳುತ್ತಾಳೆ ಅಂತ ಹೇಳಿದಳು. ಆ ಹುಡುಗಿಯ ಫೋನಿಗೂ ಎಲ್ಲಿಂದಲೋ ಆ ಫೋಟೋ ಬಂದಿತ್ತಂತೆ.

ಫೋನ್ ಇಡುವ ಮುಂಚೆ ಕೇಳಿದಳು. “ಆಂಟಿ, ಆ ಚುಕ್ಕಿ ಈಗ ನಮ್ಮನೆ ಮೇಲಿಂದ ಹೋಗಿದ್ಯಾ?”

ನನ್ನ ಫೋನಿನಿಂದ ಹೋಗಿದೆ. ನಿಮ್ಮ ಫೋನಿನಿಂದ?